ಕೂಸಿನ ನೆತ್ತಿಗೊಂದು ಟೋಪಿ

ಹುಟ್ಟುವ ಮೊದಲೇ ಕೂಸಿಗೆ ಬಟ್ಟೆ ಹೊಲಿಸಿಡಬಾರದು ಎಂಬುದು ದಾವಣಗೆರೆ, ಹರಿಹರದ ಕಡೆಯ ಹಿರಿಯರ ಅಳುಕು. ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತಿದ್ದ ಕಾಲದಲ್ಲಿ ಹುಟ್ಟದ ಕೂಸಿನ ಮೇಲೆ ಆಸೆ ಇಟ್ಟುಕೊಳ್ಳುವುದು ಯಾರಿಗೂ ಧೈರ್ಯದ ಮಾತಾಗಿರಲಿಲ್ಲ. ಹೀಗಾಗಿ ಕೂಸಿನ ಮೊದಲ ಉಡುಪು ಅಜ್ಜಿಯದೋ ಅವ್ವನದೋ ಹಳೆಯ ನೂಲಿನ ಸೀರೆಯ ತುಂಡು. ನೂರಾರು ಸಲ ಒಗೆದು ಮೆತ್ತಗಾದ ಆ ಬಟ್ಟೆ ಎಳೆಯ ಮೈಗೆ ಒಗ್ಗುತ್ತಿತ್ತು ಎಂಬುದೂ ನಿಜ. ತಲೆಗೆ ಹೊಸ ಕುಲಾವಿ ಬರುತ್ತಿದ್ದುದು ಹನ್ನೆರಡೋ ಹದಿಮೂರೋ ದಿನ ಕಳೆದು, ತೊಟ್ಟಿಲಿಗೆ ಹಾಕಿ ಸೋದರತ್ತೆ ಕಿವಿಯಲ್ಲಿ ಹೆಸರು ಕೂಗುವ ದಿನ.

ಟೋಪಿಯ ಅಗತ್ಯ ಅತಿ ಹೆಚ್ಚಾಗಿರುವುದು ಮಾತ್ರ ಹುಟ್ಟಿದ ಮೊದಲ ಗಳಿಗೆಗಳಲ್ಲಿ. ನವಜಾತ ಶಿಶುವಿನ ಮೈಯ ಒಟ್ಟು ಹೊರಮೈಯಲ್ಲಿ ತಲೆಯದೇ ಸುಮಾರು ಐದನೆಯ ಒಂದು ಪಾಲು. ದೊಡ್ಡವರಲ್ಲಿ ಅದು ಹತ್ತನೆಯ ಒಂದು ಪಾಲಿಗೂ ಕಡಿಮೆ. ಒದ್ದೆ ಮೈಯಲ್ಲಿ ಹೊರಬರುವ ಕೂಸು ನಡುಗಿ ಬಿಸಿ ಹುಟ್ಟಿಸಿಕೊಳ್ಳಲಾರದು. ತೂಕ ಕಡಿಮೆಯಿದ್ದರೆ ಚರ್ಮದಡಿಯ ಕೊಬ್ಬೂ ಇರುವುದಿಲ್ಲ. ಮೈಬಿಸಿ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ಶೀತಬಾಧೆ ಎಂದೇ ವೈದ್ಯರು ಎಣಿಸುತ್ತಾರೆ. ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುತ್ತಿದ್ದ ಹಳಬರಿಗೆ ಈ ಚಳಿಯ ಭಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆದರೆ ಹುಟ್ಟಿದೊಡನೆ ನೀರು ಹಾಕುವ ಪದ್ಧತಿ ಕೆಂಡದ ಲಾಭವನ್ನೆಲ್ಲ ಕಳೆದುಬಿಡುತ್ತಿತ್ತು. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡಬೇಕು ಎಂಬುದು ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ತೊಟ್ಟಿಲ ದಿನದ ಕುಲಾವಿಗೆ ತನ್ನದೇ ಚೆಲುವಿತ್ತು. ಆ ಹೆಸರಿನ ಬೇರು ಪಾರಸಿಯ 'ಕುಲಾಹ್', ಅಂದರೆ ಟೋಪಿ. ತಲೆಯ ಜೊತೆಗೆ ಬೆನ್ನನ್ನೂ ಮುಚ್ಚುವಂತೆ ಇಳಿಬಿಟ್ಟದ್ದು ಕುಂಚಿಗೆ. ಗುಳೇದಗುಡ್ಡದ ಖಣ, ಸೀರೆಯ ಸೆರಗಿನ ತುಂಡು, ಅಂಚಿಗೆ ಜರಿ, ನೆತ್ತಿಗೆ ಮಣಿ, ಗಲ್ಲದಡಿ ಕಟ್ಟಲು ಲಾಡಿ. ಉತ್ತರ ಕರ್ನಾಟಕದ ಕಸೂತಿ ಹಾಕುವ ಕೈಗಳು ಸೀರೆಯಷ್ಟೇ ಮುತುವರ್ಜಿಯಿಂದ ಕುಂಚಿಗೆಯನ್ನೂ ಸಿಂಗರಿಸಿವೆ. ಇದು ತವರಿನ ಮಾನದ ವಸ್ತು. ಬೆಚ್ಚಗಿಡುವುದಕ್ಕಿಂತ ನಾಲ್ಕು ಜನರ ಮುಂದೆ ತೋರಿಸುವುದಕ್ಕೆ ಹೆಚ್ಚು ಒದಗುತ್ತಿತ್ತು.

ಕುಲಾವಿ ಹೊಲಿಯುವುದು, ಕ್ರೋಶಾ ಟೋಪಿ ಹೆಣೆಯುವುದು. ಈ ಎರಡನೆಯದು ಹೊರಗಿನಿಂದ ಬಂದ ವಿದ್ಯೆ. ಅದರ ಹೆಸರು ಫ್ರೆಂಚ್ ಭಾಷೆಯ ಕೊಕ್ಕೆ ಎಂಬ ಪದದಿಂದ ಬಂದದ್ದು. ಅಚ್ಚಾದ ಮಾದರಿಗಳು ಮೊದಲು ಕಾಣಿಸಿಕೊಂಡದ್ದು 1820ರ ದಶಕದ ಡಚ್ ಪತ್ರಿಕೆಯೊಂದರಲ್ಲಿ. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಐರ್ಲೆಂಡಿನ ಬಡ ಕುಟುಂಬಗಳಿಗೆ ಇದೇ ಕೊಕ್ಕೆ ಗಂಜಿಗೆ ದಾರಿಯಾಯಿತು. ಭಾರತಕ್ಕೆ ತಂದವರು ಮಿಷನರಿ ಹೆಂಗಸರು. ಆಂಧ್ರದ ನರಸಾಪುರದ ಲೇಸು ಅವರು ಕಲಿಸಿದ್ದರ ಫಲ. ಕನ್ನಡನಾಡಿನಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಕಾಲಿಟ್ಟಿತು. ಅದರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಅಕ್ಷರದ ಜೊತೆ ಸೂಜಿಕೆಲಸವೂ ಪಾಠವಾಗಿತ್ತು. ಮುಂದೆ ಶಾಲೆಯ ಕ್ರಾಫ್ಟ್ ಪೀರಿಯಡ್ಡು, ಹೊಲಿಗೆ ಕ್ಲಾಸು, ಪತ್ರಿಕೆಗಳ ಮಹಿಳಾ ಪುಟ ಇವೆಲ್ಲ ಸೇರಿ ಮಿಷನ್ನಿನ ವಿದ್ಯೆಯನ್ನು ಎಲ್ಲರ ಮನೆಯ ಪಡಸಾಲೆಗೆ ತಂದವು.

ದಾವಣಗೆರೆಗೆ ನೂಲಿಗೇನೂ ಬರವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಗ್ಯಾಸೆಟಿಯರ್‌ಗಳು ಈ ಊರನ್ನು ಅದರ ಕಂಬಳಿಗಾಗಿ ಹೆಸರಿಸುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಎದ್ದು ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು ಬಂತು. ಆ ಗಿರಣಿಗಳ ಸದ್ದು ಈಗ ಅಡಗಿದೆ. ಆದರೆ ಕುರುಬರ ಕಂಬಳಿಯ ಒರಟು ಉಣ್ಣೆ ಎಳೆಗೂಸಿನ ಚರ್ಮಕ್ಕೆ ಸಲ್ಲದು. ಗಿರಣಿಯ ನೂಲು ಮಗ್ಗಕ್ಕೆ ಹೋಗುತ್ತಿತ್ತೇ ಹೊರತು ಕೊಕ್ಕೆಗೆ ಬರುತ್ತಿರಲಿಲ್ಲ. ಕೊನೆಗೆ ಟೋಪಿಗೆ ಒದಗಿದ್ದು ಅಂಗಡಿಯ ಬಣ್ಣಬಣ್ಣದ 'ಉಲ್ಲನ್'. ಹೆಸರು ಉಣ್ಣೆಯದಾದರೂ ಅದು ಬಹುಪಾಲು ಅಕ್ರಿಲಿಕ್. ಕುರಿಯ ಮುಖ ಕಂಡದ್ದಲ್ಲ.

ಹೆಣೆಯುವ ಕ್ರಮ ಸರಳ. ಹೆಣಿಗೆಗೆ ಎರಡು ಕಡ್ಡಿ ಬೇಕು, ಕ್ರೋಶಾಕ್ಕೆ ಒಂದೇ. ಕೊಕ್ಕೆಯ ಮೇಲೆ ಒಂದೇ ಕುಣಿಕೆ ಇರುವುದರಿಂದ ನಡುವೆ ಹಾಲು ಉಕ್ಕಿದರೆ ಕೆಳಗಿಟ್ಟು ಓಡಬಹುದು. ಪುಟ್ಟ ಉಂಗುರದೊಳಗೆ ಆರು ಹೊಲಿಗೆ, ಮುಂದಿನ ಸುತ್ತಿಗೆ ಹನ್ನೆರಡು, ಆಮೇಲೆ ಹದಿನೆಂಟು, ಇಪ್ಪತ್ತನಾಲ್ಕು. ಹೀಗೆ ಸುತ್ತಿಗೆ ಆರರಂತೆ ಏರಿಸಿದರೆ ರೊಟ್ಟಿಯಂತೆ ಚಪ್ಪಟೆಯಾದ ಬಿಲ್ಲೆಯೊಂದು ಬೆಳೆಯುತ್ತದೆ. ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಕೆಲಸದ ಗುಟ್ಟು ಇದೆ. ದಿನ ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 33ರಿಂದ 35 ಸೆಂಟಿಮೀಟರ್. ಬಿಗಿಯಾಗಿ ಕೂರಲು ಟೋಪಿ ಎರಡು ಸೆಂಟಿಮೀಟರ್ ಚಿಕ್ಕದಿರಬೇಕು. ಅಂದರೆ ಬಿಲ್ಲೆಯ ಅಡ್ಡಳತೆ ಹತ್ತು ಸೆಂಟಿಮೀಟರ್ ಆದೊಡನೆ ಏರಿಕೆ ನಿಲ್ಲಿಸಿ ನೇರ ಸುತ್ತಬೇಕು. ಆಗ ಅಂಚು ತಾನಾಗಿ ಕೆಳಗೆ ಬಾಗುತ್ತದೆ. ಪರಿಧಿ, ವ್ಯಾಸಗಳ ಲೆಕ್ಕವನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರೂ ಅಂಗೈ ಅಳತೆಯಲ್ಲಿ ಮಾಡಿ ಮುಗಿಸುತ್ತಾರೆ. ಕ್ರೋಶಾವನ್ನು ಕೈಯಂತೆಯೇ ಹೆಣೆಯುವ ಯಂತ್ರ ಕಾರ್ಖಾನೆಗಳಲ್ಲಿ ಇಂದಿಗೂ ಬಳಕೆಗೆ ಬಂದಿಲ್ಲ. ಹತ್ತಿಪ್ಪತ್ತು ರೂಪಾಯಿ ಚೌಕಾಸಿ ಮಾಡಿ ಕೊಳ್ಳುವ ಟೋಪಿಯ ಹಿಂದೆಯೂ ಯಾರದೋ ಬೆರಳಿದೆ.

ಈ ಸಣ್ಣ ವಸ್ತುವನ್ನು ವೈದ್ಯರು ಗಂಭೀರವಾಗಿ ನೋಡತೊಡಗಿದ್ದು ತಡವಾಗಿ. 1979ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ನವಜಾತ ಶಿಶುಗಳ ಟೋಪಿಯ ಬಗೆಗೇ ಒಂದು ಅಧ್ಯಯನ ಪ್ರಕಟಿಸಿತು. ಒಳಗೆ ಅರಳೆಯ ಪದರವಿದ್ದ ಟೋಪಿ ಮೈಬಿಸಿ ಕುಸಿಯುವುದನ್ನು ತಗ್ಗಿಸಿತು. ತೆಳು ಜಾಲರಿಯ ಟೋಪಿಯಿಂದ ಹೆಚ್ಚು ಉಪಯೋಗವಿಲ್ಲ ಎಂಬುದು ಅದರ ಬೆನ್ನಿಗೇ ನಡೆದ ಪರೀಕ್ಷೆಗಳಲ್ಲಿ ಕಂಡಿತು. ಬಿಸಿಯನ್ನು ಕಾಯುವುದು ನೂಲಲ್ಲ, ನೂಲಿನ ನಡುವೆ ಸಿಕ್ಕಿಬಿದ್ದ ಗಾಳಿ. ಹೂಬಳ್ಳಿಯಂತೆ ತೂತು ತೂತಾಗಿ ಹೆಣೆದ ಟೋಪಿ ನೋಡಲು ಚೆಂದ, ಬೆಚ್ಚಗೆ ಅಲ್ಲ. ಅದೇ ಸುಮಾರಿಗೆ ಕೊಲಂಬಿಯದ ಬೊಗೊಟಾದಲ್ಲಿ ಇನ್‌ಕ್ಯುಬೇಟರುಗಳ ಕೊರತೆಯಿಂದ ಬೇಸತ್ತ ವೈದ್ಯರು ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೇ ಕಟ್ಟಿದರು. 'ಕಾಂಗರೂ ತಾಯಿ ಆರೈಕೆ' ಎಂದು ಹೆಸರಾದ ಆ ಕ್ರಮದಲ್ಲಿ ಕೂಸಿನ ಮೈಮೇಲೆ ಇರುವುದು ಲಂಗೋಟಿ, ಕಾಲುಚೀಲ ಮತ್ತು ಟೋಪಿ ಮಾತ್ರ. ಹುಟ್ಟಿದ ಕೂಡಲೇ ಹೀಗೆ ಮಾಡಿದರೆ ಕಡಿಮೆ ತೂಕದ ಶಿಶುಗಳ ಮರಣ ಕಾಲು ಭಾಗದಷ್ಟು ಇಳಿಯುತ್ತದೆ ಎಂದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ತಿಳಿಸಿತು. ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಹಳ್ಳಿ ಹಳ್ಳಿಗೆ ಮುಟ್ಟಿಸುವ ಪ್ರಯೋಗವೂ ನಡೆದಿದೆ.

ದಾವಣಗೆರೆ ಈಗ ಗಿರಣಿಗಳ ಊರಲ್ಲ, ಆಸ್ಪತ್ರೆಗಳ ಊರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂದ ಮೇಲೆ ಹರಿಹರ, ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರು ಕಡೆಯ ಬಸುರಿಯರೂ ಇಲ್ಲಿಗೆ ಬರುವಂತಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ಶೇ. 97 ಆಸ್ಪತ್ರೆಯಲ್ಲೇ ಆಗುತ್ತವೆ. ಆಸ್ಪತ್ರೆಗೆ ಹೊರಡುವ ಚೀಲದಲ್ಲಿ ಟೋಪಿ ಇರಲೇಬೇಕು. ಹಳಬರ ಅಳುಕು ಸೋತದ್ದು ಇಲ್ಲೇ. ಹುಟ್ಟದ ಕೂಸಿಗೆ ಟೋಪಿ ಹೆಣೆಯುವುದು ಈಗ ಅಪಶಕುನವಲ್ಲ, ಸಿದ್ಧತೆ. ಹೊಸ ನೂಲಿನದಕ್ಕೆ ಮನಸ್ಸು ಒಪ್ಪದ ಮನೆಗಳಲ್ಲಿ ಅಕ್ಕನ ಮಗುವಿನ ಟೋಪಿಯನ್ನು ಒಗೆದು ತಂದುಕೊಳ್ಳುವ ಉಪಾಯವೂ ಉಂಟು.

ಟೋಪಿ ಅತಿಯಾಗಲೂಬಾರದು. ಏಪ್ರಿಲ್ಲಿನ ದಾವಣಗೆರೆಯ ಬಿಸಿಲಲ್ಲಿ ದಿನ ತುಂಬಿದ ಆರೋಗ್ಯವಂತ ಕೂಸಿಗೆ ಹಗಲಿಡೀ ಉಲ್ಲನ್ ಟೋಪಿ ಹಾಕಿದರೆ ಬೆವರಿ ಬಾಡುತ್ತದೆ. ಮನೆಗೆ ಬಂದ ಮೇಲೆ ಮಲಗಿಸುವಾಗ ತಲೆ ತೆರೆದಿರಬೇಕು ಎನ್ನುತ್ತಾರೆ ಮಕ್ಕಳ ವೈದ್ಯರು. ಅಕ್ರಿಲಿಕ್ ಬೆವರನ್ನು ಹೀರುವುದಿಲ್ಲ, ಹತ್ತಿಯ ನೂಲು ಹೀರುತ್ತದೆ. ಲಾಡಿ ಕೊರಳಿಗೆ ಉರುಳಾದೀತು, ಮಣಿ, ಗುಂಡಿ ಬಾಯಿಗೆ ಹೋದೀತು. ಹಾಗಾಗಿ ಆಸ್ಪತ್ರೆಯ ಟೋಪಿ ಬೋಳು. ಜರಿ, ಮಣಿ, ಖಣದ ಅಂದವೆಲ್ಲ ತೊಟ್ಟಿಲ ದಿನಕ್ಕೇ ಉಳಿದಿವೆ. ಸೋದರತ್ತೆ ಹೆಸರು ಕೂಗಿ, ಬೆನ್ನಿಗೆ ನಾಲ್ಕು ಗುದ್ದು ತಿಂದು ನಗುವಷ್ಟು ಹೊತ್ತು ಕೂಸಿನ ತಲೆಯ ಮೇಲೆ ಜರಿಯ ಕುಲಾವಿ ಮೆರೆಯುತ್ತದೆ. ಫೋಟೊ ಮುಗಿದೊಡನೆ ಅದನ್ನು ಬಿಚ್ಚಿ ಟ್ರಂಕಿಗೆ ಸೇರಿಸುತ್ತಾರೆ.