ಮೇಷ್ಟ್ರಾಗೋಕೆ ಯಾವ ನಾಲಿಗೆ ಬೇಕು?

1920ರ ಮೇ ತಿಂಗಳು. ಅಮೆರಿಕದ ನೆಬ್ರಾಸ್ಕ ರಾಜ್ಯದ ಒಂದು ಚರ್ಚ್ ಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸುತ್ತಿದ್ದರು. ಅಲ್ಲಿ ನೆಲೆಸಿದ್ದ ಜರ್ಮನ್ ವಲಸಿಗರ ಭಾಷೆ ಅದು. ಅಷ್ಟಕ್ಕೇ ಅವರ ಮೇಲೆ ಕೇಸು ಬಿತ್ತು, 25 ಡಾಲರ್ ದಂಡವೂ ಬಿತ್ತು. ಎಂಟನೇ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಈಗಿನ ಬೇರೆ ಯಾವ ಭಾಷೆಯನ್ನೂ ಕಲಿಸಬಾರದು ಅಂತ ಆ ರಾಜ್ಯ 1919ರಲ್ಲಿ ಕಾನೂನು ಮಾಡಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಹೊಡೆದುಹಾಕಿತು.

ಇವತ್ತು ಅದೇ ದೇಶದಲ್ಲಿ, ಮಗುವಿನ ಮನೆಮಾತು ತನಗೆ ಗೊತ್ತು ಎಂದು ಪರೀಕ್ಷೆಯಲ್ಲಿ ತೋರಿಸಿದ ಮೇಷ್ಟ್ರಿಗೆ ಸರ್ಕಾರವೇ ಸರ್ಟಿಫಿಕೇಟು ಕೊಡುತ್ತದೆ. ಅಪರಾಧ ಆಗಿದ್ದದ್ದು ಅರ್ಹತೆ ಆದದ್ದು ಹೇಗೆ? ಯಾರ ದಯೆಯಿಂದ? ನಮ್ಮ ಹಳ್ಳಿ ಮೇಷ್ಟ್ರುಗಳು ತಿಳಿಯಬೇಕಾದ ಚರಿತ್ರೆ ಇದು.

ದಯೆಯಿಂದ ಏನೂ ಬರಲಿಲ್ಲ. ಟೆಕ್ಸಾಸ್‌ನಲ್ಲಿ ಮೆಕ್ಸಿಕನ್ ಕೂಲಿಗಳ ಮಕ್ಕಳು ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದರೆ ಏಟು ತಿನ್ನಬೇಕಿತ್ತು, ಶಾಲೆ ಬಿಟ್ಟ ಮೇಲೂ ಕೂತಿರಬೇಕಿತ್ತು. ಕ್ಯಾಲಿಫೋರ್ನಿಯದಲ್ಲಿ ಇನ್ನೂ ಘೋರ. ಇಂಗ್ಲಿಷ್ ತಿಳಿಯದ ಮಕ್ಕಳಿಗೆ ಇಂಗ್ಲಿಷಿನಲ್ಲೇ ಬುದ್ಧಿಪರೀಕ್ಷೆ ಮಾಡಿ, ಇವು ಬುದ್ಧಿಮಾಂದ್ಯ ಮಕ್ಕಳು ಅಂತ ಬೇರೆ ಕೋಣೆಗೆ ಹಾಕಿದ್ದರು. ಒಂಬತ್ತು ಮಕ್ಕಳ ಪರವಾಗಿ ದಾವೆ ಹೂಡಿ, ಅವರದೇ ಮಾತಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಹೆಚ್ಚಿನವರು ಸರಿಯಾಗಿಯೇ ಇದ್ದರು. 1970ರ ಡಯಾನ ಮೊಕದ್ದಮೆ ಅದು. ದಡ್ಡತನ ಇದ್ದದ್ದು ಮಗುವಿನ ತಲೆಯಲ್ಲೋ, ಅಳೆದವನ ಕೋಲಿನಲ್ಲೋ?

ಅದಕ್ಕೆ ಎರಡು ವರ್ಷ ಮೊದಲು, 1968ರ ಮಾರ್ಚ್‌ನಲ್ಲಿ, ಪೂರ್ವ ಲಾಸ್ ಏಂಜಲೀಸ್‌ನ ಸಾವಿರಾರು ವಿದ್ಯಾರ್ಥಿಗಳು ಕ್ಲಾಸು ಬಿಟ್ಟು ಬೀದಿಗೆ ಬಂದಿದ್ದರು. ನಮ್ಮ ಚರಿತ್ರೆ ಹೇಳಿಕೊಡಿ, ನಮ್ಮವರನ್ನು ಮೇಷ್ಟ್ರು ಮಾಡಿ, ನಮ್ಮ ಮಾತಿನಲ್ಲೂ ಕಲಿಸಿ ಎಂಬುದು ಅವರ ಬೇಡಿಕೆ. ಜೊತೆಗೆ ನಿಂತ ಸಾಲ್ ಕ್ಯಾಸ್ಟ್ರೊ ಎಂಬ ಮೇಷ್ಟ್ರನ್ನು ಪೊಲೀಸರು ಹಿಡಿದರು, ಕೆಲಸವೂ ಹೋಯಿತು. ಜನ ಹೋರಾಡಿ ಅದನ್ನು ವಾಪಸ್ ಕೊಡಿಸಿದರು. ದ್ವಿಭಾಷಾ ಶಿಕ್ಷಣಕ್ಕೆ ಕೇಂದ್ರದ ಹಣ ಕೊಡುವ ಮೊದಲ ಕಾಯ್ದೆ ಬಂದದ್ದೂ 1968ರಲ್ಲೇ.

ಆಮೇಲೆ ಲಾವ್ ಮೊಕದ್ದಮೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳು ಯಾವ ಸಹಾಯವೂ ಇಲ್ಲದೆ ಕ್ಲಾಸಿನಲ್ಲಿ ಕೂತಿದ್ದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟಿದ್ದೇವಲ್ಲ, ಇದು ಸಮಾನತೆಯಲ್ಲವೇ ಎಂದಿತು ಆಡಳಿತ. ಮೇಷ್ಟ್ರ ಮಾತೇ ಅರ್ಥವಾಗದ ಮಗುವಿಗೆ ಇದು ಸಮಾನತೆ ಅಲ್ಲ ಅಂತ 1974ರ ಜನವರಿ 21ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆಧಾರವಾಗಿದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆ. ಕರಿಯರು ರಕ್ತ ಚೆಲ್ಲಿ ಪಡೆದ ಕಾನೂನು ಚೀನೀ ಮಕ್ಕಳ ಕೈ ಹಿಡಿಯಿತು. ಗೆಳೆಯರೆ, ಆ ತೀರ್ಪಿಗೆ ಎರಡು ತಿಂಗಳು ಮೊದಲು, 1973ರ ನವೆಂಬರ್‌ನಲ್ಲಿ, ಇಲ್ಲಿ ಏನಾಯಿತು ಬಲ್ಲಿರಿ. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ, ಇಂಗ್ಲಿಷ್ ಕಲಿಯಿರಿ ಎಂಬರ್ಥದ ಮಾತಾಡಿದ ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡರು, ದಲಿತ ಹುಡುಗರು ಏಟು ತಿಂದರು. ಅಲ್ಲಿ ಮನೆಮಾತು ಬೇಕು ಎಂದರು, ಇಲ್ಲಿ ಇಂಗ್ಲಿಷ್ ಬೇಕು ಎಂದರು. ಮೇಲುನೋಟಕ್ಕೆ ಇದಿರುಬದಿರು. ಒಳಗಿನ ಪ್ರಶ್ನೆ ಒಂದೇ: ಶಾಲೆಯ ಮಾತು ಯಾರದು, ಅದನ್ನು ತೀರ್ಮಾನ ಮಾಡೋರು ಯಾರು?

ಕೋರ್ಟು ಹೇಳಿತು ಸರಿ, ಕಲಿಸೋರು ಎಲ್ಲಿ? ಇಲ್ಲಿಂದ ಅರ್ಹತೆಯ ಜಗಳ ಶುರು. ಟೆಕ್ಸಾಸ್‌ನ ರೇಮಂಡ್‌ವಿಲ್ ಊರಿನ ಶಾಲೆಗಳಲ್ಲಿ ಹೆಚ್ಚಿನ ಮಕ್ಕಳು ಮೆಕ್ಸಿಕನ್ ಮೂಲದವರು. ಮೇಷ್ಟ್ರುಗಳಿಗೆ 100 ಗಂಟೆ ತರಬೇತಿ ಕೊಟ್ಟು, 700 ಸ್ಪ್ಯಾನಿಷ್ ಶಬ್ದ ಕಲಿಸಿ, ಇವರು ದ್ವಿಭಾಷಾ ಶಿಕ್ಷಕರು ಅಂದುಬಿಟ್ಟರು. ಪರೀಕ್ಷೆ ಅಂದರೆ ಒಂದು ಪ್ಯಾರಾ ಬರೆಯೋದು, ಅದೂ ನಿಘಂಟು ಪಕ್ಕದಲ್ಲಿಟ್ಟುಕೊಂಡು. 1981ರ ಕ್ಯಾಸ್ಟನೇಡ ಮೊಕದ್ದಮೆಯಲ್ಲಿ ಕೋರ್ಟು ಇದನ್ನು ಒಪ್ಪಲಿಲ್ಲ. ಕಾಗದದ ಮೇಲಿನ ಯೋಜನೆ ಸಾಲದು, ನಡೆಸುವ ಮೇಷ್ಟ್ರಿಗೆ ಆ ಭಾಷೆ ಬರಬೇಕು, ಸ್ಪ್ಯಾನಿಷ್ ಆಡುವ ಸಹಾಯಕರನ್ನು ತರಬೇತಾದ ಮೇಷ್ಟ್ರ ಜಾಗದಲ್ಲಿ ಕಾಯಂ ಕೂರಿಸುವಂತಿಲ್ಲ ಎಂದಿತು. ನೋಡಿ ಈ ಸಹಾಯಕರ ಪಾಡು. ಮಗುವಿನ ಮಾತು ಪೂರ್ತಿ ಬಲ್ಲವರು ಕಡಿಮೆ ಕೂಲಿಗೆ, 700 ಶಬ್ದದವರು ಮೇಷ್ಟ್ರ ಕುರ್ಚಿಗೆ!

ಈಗಿನ ಅರ್ಹತೆಯಲ್ಲಿ ಎರಡು ದಾರಿ ಇವೆ. ಒಂದು, ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವುದು. ಇದಕ್ಕೆ ಮಗುವಿನ ಮನೆಮಾತು ಬರಲೇಬೇಕೆಂದಿಲ್ಲ, ಹೊಸ ಭಾಷೆ ಮಗುವಿಗೆ ಹೇಗೆ ಹತ್ತುತ್ತದೆ, ಪಾಠವನ್ನು ಹೇಗೆ ಬಿಡಿಸಿ ಹೇಳಬೇಕು ಎಂಬುದು ಗೊತ್ತಿರಬೇಕು. ಕ್ಯಾಲಿಫೋರ್ನಿಯದಲ್ಲಿ ಇಂಗ್ಲಿಷ್ ಕಲಿಯುವ ಒಂದೇ ಒಂದು ಮಗು ಕ್ಲಾಸಿನಲ್ಲಿದ್ದರೂ ಮೇಷ್ಟ್ರಿಗೆ ಈ ಅನುಮತಿ ಬೇಕು. ಇನ್ನೊಂದು, ದ್ವಿಭಾಷಾ ಅನುಮತಿ. ಇದಕ್ಕೆ ಮಗುವಿನ ಭಾಷೆಯನ್ನು ಆಡಲು, ಓದಲು, ಬರೆಯಲು ಬರಬೇಕು, ಆ ಜನರ ಬದುಕು ತಿಳಿದಿರಬೇಕು. ಎರಡಕ್ಕೂ ಶಿಕ್ಷಕ ತರಬೇತಿ ಕಡ್ಡಾಯ. ಟೆಕ್ಸಾಸ್‌ನಲ್ಲಿ ಪ್ರಾಥಮಿಕ ಶಾಲೆಯ ಒಂದೇ ತರಗತಿಯಲ್ಲಿ ಒಂದೇ ಮನೆಮಾತಿನ ಇಂಥ 20 ಮಕ್ಕಳು ಜಿಲ್ಲೆಯಲ್ಲಿದ್ದರೆ ದ್ವಿಭಾಷಾ ಪಾಠ ನಡೆಸಲೇಬೇಕು.

ಗೆದ್ದದ್ದು ನಿಂತಿತೇ? ಇಲ್ಲ. 1998ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಶೇಕಡ 61ರಷ್ಟು ಮತ ಹಾಕಿ ದ್ವಿಭಾಷಾ ತರಗತಿಗಳನ್ನು ಬಹುಮಟ್ಟಿಗೆ ಮುಚ್ಚಿಸಿದರು. ಕ್ಲಾಸು ಹೋದ ಮೇಲೆ ಮೇಷ್ಟ್ರ ತರಬೇತಿಯೂ ಸೊರಗಿತು. 2016ರಲ್ಲಿ ಶೇಕಡ 73ರಷ್ಟು ಮಂದಿ ಆ ನಿರ್ಬಂಧ ತೆಗೆದುಹಾಕಿದರು. ಬಾಗಿಲು ತೆರೆಯಿತು, ಒಳಗೆ ಬೇಕಾದಷ್ಟು ಮೇಷ್ಟ್ರುಗಳಿರಲಿಲ್ಲ. ಒಂದು ತಲೆಮಾರಿನ ಮಕ್ಕಳು ಮನೆಮಾತನ್ನು ಓದಲು ಬರೆಯಲು ಕಲಿಯದೆ ಬೆಳೆದಿದ್ದರು. ಅವರೇ ತಾನೆ ಮುಂದಿನ ಮೇಷ್ಟ್ರಾಗಬೇಕಿದ್ದವರು? ಅರಿಜೋನದಲ್ಲಂತೂ ಮೇಷ್ಟ್ರುಗಳ ಇಂಗ್ಲಿಷ್ ಉಚ್ಚಾರಣೆ ಕೇಳಲು ಕ್ಲಾಸಿಗೇ ಅಧಿಕಾರಿಗಳನ್ನು ಕಳಿಸುತ್ತಿದ್ದರು. ನಾಲಿಗೆಯ ಮೇಲೆ ಕೂತ ಊರಿನ ವಾಸನೆಯೂ ತಪ್ಪಾಯಿತು. ಕೇಂದ್ರದ ತನಿಖೆ ಬಂದು 2011ರಲ್ಲಿ ಇದು ನಿಂತಿತು.

ಅರ್ಹತೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ತಾಯಿಮಾತು ಬಂದ ಮಾತ್ರಕ್ಕೆ ಗಣಿತ ಹೇಳಿಕೊಡಲು ಬರುವುದಿಲ್ಲ. ತರಬೇತಿ ಇಲ್ಲದವರನ್ನು ಬಡವರ ಶಾಲೆಗೆ ತಳ್ಳುವುದೂ ಒಂದು ಅನ್ಯಾಯವೇ. ನನ್ನ ತಕರಾರು ತಕ್ಕಡಿಯ ಬಗ್ಗೆ. ಉಳ್ಳವರ ಭಾಷೆಯನ್ನು ಅದು ಗುಲಗಂಜಿ ಲೆಕ್ಕದಲ್ಲಿ ತೂಗುತ್ತದೆ, ಇಲ್ಲದವರ ಭಾಷೆಗೆ ತಟ್ಟೆಯೇ ಇಲ್ಲ. ನಮ್ಮ ಟಿಇಟಿಯಲ್ಲಿ ಕನ್ನಡ ಕೇಳುತ್ತಾರೆ, ಇಂಗ್ಲಿಷ್ ಕೇಳುತ್ತಾರೆ. ತಾಂಡಾದ ಮಗುವಿನ ಲಂಬಾಣಿ ಬಲ್ಲೆಯಾ ಅಂತ ಕೇಳುವುದಿಲ್ಲ. ಹಟ್ಟಿ ಹುಡುಗನಿಗೆ ಇಂಗ್ಲಿಷ್ ಹತ್ತಿಸುವುದು ಹೇಗೆಂದು ಹಳ್ಳಿ ಮೇಷ್ಟ್ರಿಗೆ ಸರಿಯಾಗಿ ಕಲಿಸುವವರೂ ಇಲ್ಲ. ಎರಡೂ ಬೇಕು. ಮೊದಲ ದಿನ ಶಾಲೆಗೆ ಬಂದ ಮಗು ಬಾಯಿ ಬಿಟ್ಟಾಗ, ಅದೇನು ಹೇಳಿತು ಅಂತ ತಿಳಿಯುವ ಒಬ್ಬ ಮೇಷ್ಟ್ರು ಅಲ್ಲಿರಬೇಕು.