ಚಿತ್ರಕಾರನೂ ಪ್ರಕಾಶಕನೂ

ಗ್ರಂಥಗಳಿಗೆ ಚಿತ್ರ ಬರೆಯುವವನ ಪಾಡು ಕವಿಯ ಪಾಡಿನಂತಲ್ಲ. ಕವಿಯು ತನಗೆ ತೋರಿದ ವಸ್ತುವನ್ನು ತನಗೆ ತೋರಿದ ಕಾಲದಲ್ಲಿ ಬರೆಯಬಹುದು. ಗ್ರಂಥಚಿತ್ರಕಾರನಿಗಾದರೋ ವಸ್ತುವನ್ನು ಕೊಡುವವನು ಒಬ್ಬನು, ಅಳತೆಯನ್ನೂ ಗಡುವನ್ನೂ ಗೊತ್ತುಮಾಡುವವನು ಇನ್ನೊಬ್ಬನು. ಇನ್ನೂ ವಿದ್ಯಾರ್ಥಿದಶೆಯಲ್ಲಿರುವ ಚಿತ್ರಕಾರನು ಇಂತಹ ಕಟ್ಟಿಗೆ ಸಿಕ್ಕಿದರೆ ಅವನ ಕೈ ಕೆಡುವುದೋ ಪಳಗುವುದೋ ಎಂಬುದನ್ನು ವಿಚಾರಿಸುವವರಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿದ್ದ ಆಬ್ರೆ ಬಿಯರ್ಡ್‌ಸ್ಲಿಯ ಚರಿತ್ರೆಯು ಬಹಳ ಸಹಾಯಕವಾಗಿದೆ.

ಬಿಯರ್ಡ್‌ಸ್ಲಿಯು ೧೮೭೨ನೆಯ ಇಸವಿ ಆಗಸ್ಟ್ ೨೧ರಲ್ಲಿ ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ಕ್ಷಯರೋಗವು ಅವನನ್ನು ಹಿಡಿಯಿತು. ಮನೆಯಲ್ಲಿ ಅನುಕೂಲವು ಸಾಲದೆ ಇದ್ದುದರಿಂದ ಹದಿನಾರನೆಯ ವಯಸ್ಸಿಗೇ ಸಂಬಳದ ಕೆಲಸಕ್ಕೆ ಸೇರಬೇಕಾಯಿತು. ಹಗಲೆಲ್ಲ ಗಾರ್ಡಿಯನ್ ಎಂಬ ವಿಮಾ ಸಂಸ್ಥೆಯಲ್ಲಿ ಗುಮಾಸ್ತೆಗಿರಿ. ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಚಿತ್ರಲೇಖನ.

೧೮೯೧ನೆಯ ಜುಲೈ ತಿಂಗಳ ಒಂದು ಭಾನುವಾರ ಅವನು ತನ್ನ ಅಕ್ಕ ಮೇಬಲಳೊಡನೆ, ಆಗಿನ ಕಾಲದ ಹೆಸರಾಂತ ಚಿತ್ರಗಾರನಾದ ಬರ್ನ್-ಜೋನ್ಸನ ಮನೆಗೆ ಹೋದನು. ಚಿತ್ರಶಾಲೆಯನ್ನು ಜನರಿಗೆ ತೋರಿಸುವ ಪದ್ಧತಿ ನಿಂತುಹೋಗಿದ್ದಿತು. ಬಾಗಿಲಿನಿಂದಲೇ ಹಿಂತಿರುಗುತ್ತಿದ್ದ ಇವರನ್ನು ಬರ್ನ್-ಜೋನ್ಸನು ತಾನಾಗಿ ಕರೆಸಿಕೊಂಡು, ಹುಡುಗನ ಕೈಯಲ್ಲಿದ್ದ ಚಿತ್ರಗಳನ್ನು ನೋಡಿ, ಕಲೆಯನ್ನೇ ವೃತ್ತಿಯಾಗಿ ಹಿಡಿಯೆಂದು ತಾನು ಯಾರಿಗೂ ಸಾಮಾನ್ಯವಾಗಿ ಹೇಳುವುದಿಲ್ಲವೆಂದೂ ಇವನಿಗೆ ಮಾತ್ರ ಹೇಳದಿರಲಾರೆನೆಂದೂ ತಿಳಿಸಿದನು. ಆ ಮಾತಿನ ಬಲದಿಂದ ಬಿಯರ್ಡ್‌ಸ್ಲಿಯು ವೆಸ್ಟ್‌ಮಿನ್‌ಸ್ಟರ್ ಕಲಾಶಾಲೆಯಲ್ಲಿ ಫ್ರೆಡರಿಕ್ ಬ್ರೌನನ ಸಂಜೆಯ ತರಗತಿಗೆ ಸೇರಿದನು. ಅವನಿಗೆ ದೊರೆತ ಶಾಲೆಯ ಶಿಕ್ಷಣವು ಇಷ್ಟೇ; ಅದೂ ಹೆಚ್ಚುಕಾಲ ನಡೆಯಲಿಲ್ಲ.

ಆ ವರ್ಷವೇ ವಿಲಿಯಂ ಮಾರಿಸನು ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಸ್ಥಾಪಿಸಿದ್ದನು. ಮರದಲ್ಲಿ ಕೊರೆದ ಚಿತ್ರ, ಕೈಯಿಂದ ಮಾಡಿದ ಕಾಗದ, ಕೈಯಿಂದ ಒತ್ತುವ ಅಚ್ಚು, ಇವುಗಳಿಂದ ಅವನ ಗ್ರಂಥಗಳು ಅಪೂರ್ವವೂ ದುಬಾರಿಯೂ ಆಗಿದ್ದುವು. ಅಲ್ಲಿ ಅಚ್ಚಾಗಲಿದ್ದ ಕಥೆಯೊಂದಕ್ಕೆ ಬಿಯರ್ಡ್‌ಸ್ಲಿಯು ಮಾದರಿ ಚಿತ್ರವೊಂದನ್ನು ಬರೆದುಕೊಂಡು ಹೋದನೆಂದೂ, ಮಾರಿಸನು ಉಡುಪಿನ ನಿರಿಗೆಗಳನ್ನು ಮಾತ್ರ ಹೊಗಳಿ ನಾಯಿಕೆಯ ಮುಖವನ್ನು ಒಪ್ಪಲಿಲ್ಲವೆಂದೂ, ಹುಡುಗನು ಮನೆಗೆ ಬಂದು ಅದನ್ನು ತಿದ್ದಲು ಹೋಗಿ ಕಡೆಗೆ ನಾಶಮಾಡಿಬಿಟ್ಟನೆಂದೂ ಅವನ ಸ್ನೇಹಿತರು ಹೇಳಿದ್ದಾರೆ. ಮೊದಲ ಪರೀಕ್ಷೆಯ ಫಲವು ಹೀಗಾಯಿತು.

ಎರಡನೆಯದು ಬೇರೊಂದು ಬಾಗಿಲಿನಿಂದ ಬಂದಿತು. ಕಛೇರಿಯ ಹತ್ತಿರ ಫ್ರೆಡರಿಕ್ ಇವಾನ್ಸನೆಂಬ ಪುಸ್ತಕ ವ್ಯಾಪಾರಿಯ ಅಂಗಡಿಯಿದ್ದಿತು. ಬಿಯರ್ಡ್‌ಸ್ಲಿಯು ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿಗೆ ಹೋಗುವನು. ಹಣವಿಲ್ಲದಾಗ ಚಿತ್ರವನ್ನು ಕೊಟ್ಟು ಪುಸ್ತಕವನ್ನು ಕೊಳ್ಳುವನು. ಜೆ. ಎಂ. ಡೆಂಟನೆಂಬ ಪ್ರಕಾಶಕನೂ ಆ ಅಂಗಡಿಗೆ ಬರುವವನೇ. ಮುಂದೆ ೧೯೦೬ರಲ್ಲಿ 'ಎವರಿಮನ್ಸ್ ಲೈಬ್ರರಿ' ಎಂಬ ಗ್ರಂಥಮಾಲೆಯನ್ನು ಹೊರಡಿಸಿ ನಮ್ಮ ಓದುಗರಿಗೂ ಉಪಕಾರ ಮಾಡಿದವನು ಈತನೇ. ಆರ್ಥರ್ ರಾಜನ ಕಥೆಗಳನ್ನು ಮ್ಯಾಲರಿಯು ಬರೆದಿಟ್ಟಿದ್ದ ಹಳೆಯ ಗ್ರಂಥವನ್ನು ಕೆಲ್ಮ್‌ಸ್ಕಾಟಿನ ಸೊಗಸಿನಲ್ಲಿಯೇ, ಆದರೆ ಬಹಳ ಕಡಮೆ ಖರ್ಚಿನಲ್ಲಿ ಅಚ್ಚುಮಾಡಿಸಬೇಕೆಂಬುದು ಡೆಂಟನ ಹವಣಿಕೆ. ತಕ್ಕ ಚಿತ್ರಕಾರನು ದೊರೆಯಲಿಲ್ಲವೆಂದು ಅವನು ಪೇಚಾಡಿಕೊಳ್ಳುತ್ತಿದ್ದಾಗ ಇವಾನ್ಸನು ಈ ಗುಮಾಸ್ತೆಯನ್ನು ತೋರಿಸಿದನು. ಡೆಂಟನು ಮಾದರಿಯನ್ನು ಕೇಳಿದನು. ಬಿಯರ್ಡ್‌ಸ್ಲಿಯು ಕ್ರಿಸ್ತನ ಪವಿತ್ರಪಾತ್ರೆಯ ದರ್ಶನವನ್ನು ಬರೆದುಕೊಟ್ಟನು. ೧೮೯೨ರ ಶರತ್ಕಾಲದಲ್ಲಿ ಕರಾರಾಯಿತು. ಪ್ರತಿಫಲವು ಒಟ್ಟು ೨೫೦ ಪೌಂಡು. ಬರೆಯಬೇಕಾದ ಚಿತ್ರ, ಅಂಚು, ಅಧ್ಯಾಯಗಳ ತಲೆಪಟ್ಟಿ ಮೊದಲಾದುವು ಮುನ್ನೂರಕ್ಕೂ ಮೀರಿದ್ದುವು. ಇಪ್ಪತ್ತು ವಯಸ್ಸಿನ ರೋಗಿಯು ಇದನ್ನು ನಂಬಿ ಕಛೇರಿಯ ಕೆಲಸವನ್ನು ಬಿಟ್ಟನು.

ಡೆಂಟನ ಷರತ್ತುಗಳಲ್ಲಿ ಎರಡು ಮುಖ್ಯವಾದುವು. ಒಂದು, ಚಿತ್ರಗಳು ಮಾರಿಸ್ ಮತ್ತು ಬರ್ನ್-ಜೋನ್ಸರ ರೀತಿಯಲ್ಲಿರಬೇಕೆಂಬುದು. ಎಂದರೆ ಹೊಸಬನನ್ನು ಕರೆದು ಹಳಬರಂತೆ ಬರೆಯೆಂದು ಹೇಳಿದ ಹಾಗಾಯಿತು. ಮತ್ತೊಂದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅದು ಖರ್ಚಿನಿಂದಲೇ ಹುಟ್ಟಿದ ನಿರ್ಬಂಧ. ಮರವನ್ನು ಕೊರೆಯುವ ಕುಶಲಿಗಳಿಗೆ ಕೂಲಿ ತೆರುವುದಕ್ಕೆ ಬದಲಾಗಿ ಡೆಂಟನು ಆಗ ಬಳಕೆಗೆ ಬರುತ್ತಿದ್ದ ಲೈನ್ ಬ್ಲಾಕ್ ವಿಧಾನವನ್ನು ಹಿಡಿದನು. ಇದರಲ್ಲಿ ಲೇಖನಿಯಿಂದ ಬರೆದ ಚಿತ್ರದ ಛಾಯೆಯನ್ನು ಸತುವಿನ ತಗಡಿನ ಮೇಲೆ ಇಳಿಸುವರು. ಗೆರೆಯಿಲ್ಲದ ಭಾಗವನ್ನು ಆಮ್ಲವು ತಿಂದುಹಾಕುವುದು. ಉಬ್ಬಿ ಉಳಿದ ಗೆರೆಗಳು ಅಕ್ಷರದ ಮೊಳೆಗಳೊಡನೆ ಅಚ್ಚಾಗುವುವು. ಬೂದು ಬಣ್ಣವು ಇದರಲ್ಲಿ ಮೂಡುವುದೇ ಇಲ್ಲ. ಕಪ್ಪು ಇಲ್ಲವೆ ಬಿಳಿ, ಇವೆರಡೇ. ಬೇರೆಯವರು ಇದನ್ನು ಕೊರತೆಯೆಂದೆಣಿಸಿ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆದು ನೆರಳನ್ನು ತರಲು ಹೆಣಗುತ್ತಿದ್ದರು. ಬಿಯರ್ಡ್‌ಸ್ಲಿಯು ನೆರಳನ್ನೇ ಕೈಬಿಟ್ಟನು. ಒಂದು ಕಡೆ ಮಸಿಯನ್ನು ತುಂಬಿದ ದೊಡ್ಡ ಹರವು, ಪಕ್ಕದಲ್ಲಿಯೇ ಏನೂ ಬರೆಯದೆ ಬಿಟ್ಟ ಬಿಳಿಯ ಹರವು, ನಡುವೆ ಕೂದಲೆಳೆಯಂತಹ ಒಂದು ಗೆರೆ. ಜಪಾನಿನ ಮರದಚ್ಚಿನ ಚಿತ್ರಗಳಿಂದ ಅವನು ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂದಿತು. ಅಗ್ಗದ ಅಚ್ಚಿಗೆ ಇದಕ್ಕಿಂತ ಒಪ್ಪುವ ರೀತಿ ಇನ್ನೊಂದಿರಲಿಲ್ಲ. ಅವನಿಗೆ ಹೆಸರು ತಂದುಕೊಟ್ಟ ರೀತಿಯೂ ಇದೇ.

ಗ್ರಂಥವು ೧೮೯೩ನೆಯ ಜೂನ್ ತಿಂಗಳಿಂದ ಭಾಗಭಾಗವಾಗಿ ಹೊರಟಿತು. ಮೊದಲ ಭಾಗಗಳಲ್ಲಿ ವಿದ್ಯಾರ್ಥಿಯು ಗುರುಗಳ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟಿದ್ದಾನೆ. ಕೆಲವು ತಿಂಗಳು ಕಳೆಯುವುದರೊಳಗೆ ಅವನಿಗೆ ಈ ಕೆಲಸದಲ್ಲಿ ಬೇಸರ ಹತ್ತಿತು. ಚಿತ್ರಗಳು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ; ಡೆಂಟನು ಕಾಗದದ ಮೇಲೆ ಕಾಗದ ಬರೆಯಬೇಕಾಯಿತು. ಬಂದ ಚಿತ್ರಗಳಲ್ಲಿಯೂ ಮ್ಯಾಲರಿಯ ಕಥೆಯಲ್ಲಿ ಎಲ್ಲಿಯೂ ಇಲ್ಲದ ಆಡುಗಾಲಿನ ವನದೇವತೆಗಳೂ ವಿಕಟ ಮುಖಗಳೂ ತಲೆಪಟ್ಟಿಗಳೊಳಗೆ ನುಸುಳಿದ್ದುವು. ನಿಷ್ಪಕ್ಷಪಾತವಾಗಿ ನೋಡಿದರೆ ಪ್ರಕಾಶಕನ ದೂರಿನಲ್ಲಿ ನ್ಯಾಯವಿದ್ದಿತು: ಹಣ ತೆತ್ತವನಿಗೆ ಕರಾರಿನಂತೆ ಸರಕು ಬರಬೇಕು. ಆದರೂ ಇಂದು ಆ ಸಂಪುಟಗಳನ್ನು ತಿರುವಿಹಾಕುವವರ ಕಣ್ಣು ನಿಲ್ಲುವುದು ವಿಧೇಯತೆ ತಪ್ಪಿದ ಆ ಪುಟಗಳ ಮೇಲೆಯೇ. ಇತ್ತ ಮಾರಿಸನಿಗೆ ಇದು ತನ್ನ ಕೆಲಸದ ಅಪಹಾರವೆಂದು ಕೋಪ ಬಂದಿತು. ಅನುಕರಣವನ್ನು ಬೇಡಿದವನು ಡೆಂಟನು. ಬೈಗಳು ಬಿದ್ದದ್ದು ಹುಡುಗನಿಗೆ.

ಹೆಸರು ಬಂದ ಮೇಲೂ ಇಂತಹ ತೊಡಕುಗಳು ತಪ್ಪಲಿಲ್ಲ. ೧೮೯೩ನೆಯ ಏಪ್ರಿಲಿನಲ್ಲಿ ಹೊರಟ 'ಸ್ಟುಡಿಯೋ' ಮಾಸಪತ್ರಿಕೆಯ ಪ್ರಥಮ ಸಂಚಿಕೆಯು ಅವನ ಚಿತ್ರಗಳನ್ನು ಲೋಕಕ್ಕೆ ಪರಿಚಯ ಮಾಡಿಸಿತು. ಆದರೆ ಅದರ ಹೊದಿಕೆಗೆ ಅವನು ಬರೆದಿದ್ದ ವನದೇವತೆಯನ್ನು ಅಳಿಸಿಯೇ ಅಚ್ಚು ಹಾಕಿದರು. ಆ ಸಂಚಿಕೆಯ ಚಿತ್ರವೊಂದರಿಂದ ಆಸ್ಕರ್ ವೈಲ್ಡನ 'ಸಲೋಮೆ' ನಾಟಕಕ್ಕೆ ಚಿತ್ರ ಬರೆಯುವ ಕೆಲಸವು ದೊರೆಯಿತು. ಅದರ ಪ್ರಕಾಶಕನಾದ ಜಾನ್ ಲೇನನು ಪ್ರತಿಯೊಂದು ಗೆರೆಯಲ್ಲಿಯೂ ಅಶ್ಲೀಲವನ್ನು ಹುಡುಕುವ ಸ್ವಭಾವದವನು. ಒಂದು ಚಿತ್ರದಲ್ಲಿ ಎಲೆಯನ್ನು ಮುಚ್ಚಿಸಿದನು; ಸಲೋಮೆಯ ಶೃಂಗಾರದ ಚಿತ್ರವನ್ನು ಬೇರೆ ಬರೆಯಬೇಕೆಂದನು. ಬಿಯರ್ಡ್‌ಸ್ಲಿಯು ಬೇರೆ ಬರೆದುಕೊಟ್ಟನು. ಅದರಲ್ಲಿ ಎಲ್ಲವೂ ಮರ್ಯಾದೆಯಾಗಿದೆ; ಆದರೆ ಕನ್ನಡಿಯ ಕೆಳಗೆ ಜೋಡಿಸಿರುವ ಪುಸ್ತಕಗಳ ಬೆನ್ನನ್ನು ಓದಿದರೆ, ಆ ಕಾಲದ ಸಭ್ಯಗೃಹಸ್ಥರು ಹೆಸರೆತ್ತಲೂ ಹಿಂಜರಿಯುತ್ತಿದ್ದ ಜೋಲಾನ 'ನಾನಾ' ಮೊದಲಾದುವು ಕಾಣುತ್ತವೆ.

೧೮೯೫ರಲ್ಲಿ ವೈಲ್ಡನು ಸೆರೆಯಾದಾಗ ಆ ಅಪಕೀರ್ತಿಯ ಕೆಸರು ಬಿಯರ್ಡ್‌ಸ್ಲಿಗೂ ಸಿಡಿದು, 'ಯೆಲ್ಲೋ ಬುಕ್' ಪತ್ರಿಕೆಯಲ್ಲಿ ಅವನಿಗಿದ್ದ ಕಲಾಸಂಪಾದಕತ್ವವು ಹೋಯಿತು. ೧೮೯೮ನೆಯ ಮಾರ್ಚ್ ೧೬ರಂದು ಫ್ರಾನ್ಸಿನ ಮಾಂತೋನ್ ಎಂಬಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಕ್ಷಯದಿಂದಲೇ ಅವನು ತೀರಿಕೊಂಡನು. ಡೆಂಟನು ಆರ್ಥರ್ ರಾಜನ ಗ್ರಂಥವನ್ನು ೧೯೦೯ರಲ್ಲಿ ಎರಡನೆಯ ಸಲ ಅಚ್ಚುಮಾಡಿಸಿದಾಗ, ಮೊದಲ ಸಲ ಬಿಟ್ಟಿದ್ದ ಚಿತ್ರಗಳಲ್ಲಿ ಕೆಲವನ್ನು ಹುಡುಕಿಸಿ ಅದರಲ್ಲಿ ಸೇರಿಸಿದನು.