ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಸ್ಟೀರಾಯ್ಡ್ ಚಿಕಿತ್ಸೆಯ ವಿಧಾನಗಳು

ಅಲ್ಸರೇಟಿವ್ ಕೊಲೈಟಿಸ್ ಎಂಬುದು ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ ಮತ್ತು ಹುಣ್ಣುಗಳನ್ನು ಉಂಟುಮಾಡುವ ದೀರ್ಘಕಾಲೀನ ಕಾಯಿಲೆ. ಇದು ಸಾಮಾನ್ಯವಾಗಿ ಗುದನಾಳದಲ್ಲಿ ಆರಂಭವಾಗಿ ಮೇಲ್ಮುಖವಾಗಿ ಹಬ್ಬುತ್ತದೆ. ರಕ್ತಮಿಶ್ರಿತ ಭೇದಿ, ಹೊಟ್ಟೆನೋವು ಮತ್ತು ಪದೇ ಪದೇ ಮಲವಿಸರ್ಜನೆಯ ಒತ್ತಡ ಇದರ ಮುಖ್ಯ ಲಕ್ಷಣಗಳು. ಕಾಯಿಲೆ ಉಲ್ಬಣಿಸಿದಾಗ ಅದನ್ನು ಹತೋಟಿಗೆ ತರಲು ಸ್ಟೀರಾಯ್ಡ್‌ಗಳನ್ನು ಗುದದ್ವಾರದ ಮೂಲಕ, ಬಾಯಿಯ ಮೂಲಕ ಅಥವಾ ರಕ್ತನಾಳದ ಮೂಲಕ ನೀಡಲಾಗುತ್ತದೆ. ಕಾಯಿಲೆಯ ತೀವ್ರತೆ ಮತ್ತು ಕರುಳಿನಲ್ಲಿ ಅದು ಹಬ್ಬಿರುವ ಉದ್ದವನ್ನು ಆಧರಿಸಿ ಮಾರ್ಗದ ಆಯ್ಕೆ ನಡೆಯುತ್ತದೆ.

ಇತಿಹಾಸ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಟ್ರೂಲವ್ ಮತ್ತು ವಿಟ್ಸ್ ಅವರು ಕಾರ್ಟಿಸೋನ್ ಕುರಿತ ತಮ್ಮ ಪ್ರಯೋಗದ ಅಂತಿಮ ವರದಿಯನ್ನು 1955ರಲ್ಲಿ ಪ್ರಕಟಿಸಿದರು. ಆರು ವಾರಗಳ ಕೊನೆಗೆ ಕಾರ್ಟಿಸೋನ್ ಪಡೆದವರಲ್ಲಿ ಶೇ. 41ರಷ್ಟು ಮಂದಿಗೆ ಲಕ್ಷಣಗಳು ಶಮನವಾಗಿದ್ದವು; ಪಡೆಯದವರಲ್ಲಿ ಈ ಪ್ರಮಾಣ ಶೇ. 16 ಮಾತ್ರ. ತೀವ್ರ ಕಾಯಿಲೆಯನ್ನು ಗುರುತಿಸಲು ಅವರು ರೂಪಿಸಿದ ಮಾನದಂಡ ಇಂದಿಗೂ ಬಳಕೆಯಲ್ಲಿದೆ. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ರಕ್ತಭೇದಿಯಾಗುತ್ತಿದ್ದು, ಜೊತೆಗೆ ಜ್ವರ, ವೇಗದ ನಾಡಿ, ರಕ್ತಹೀನತೆ ಅಥವಾ ಇಎಸ್‌ಆರ್ ಏರಿಕೆ ಕಂಡುಬಂದರೆ ಅದು ತೀವ್ರ ಎನಿಸುತ್ತದೆ.

ಗುದದ್ವಾರದ ಮೂಲಕ

ಔಷಧಿ ಹುಣ್ಣಿನ ಮೇಲೆಯೇ ಬೀಳುವುದರಿಂದ ಈ ಮಾರ್ಗದಲ್ಲಿ ದೇಹದ ಉಳಿದ ಭಾಗಕ್ಕೆ ಸೇರುವ ಪ್ರಮಾಣ ಕಡಿಮೆ. ಗುದನಾಳಕ್ಕೆ ಸೀಮಿತವಾದ ಕಾಯಿಲೆಗೆ ಸಪೊಸಿಟರಿ ಸಾಕಾಗುತ್ತದೆ. ನೊರೆರೂಪದ ಔಷಧಿ ಇನ್ನಷ್ಟು ಮೇಲಕ್ಕೆ ತಲುಪುತ್ತದೆ. ದ್ರವರೂಪದ ಎನಿಮಾ ದೊಡ್ಡ ಕರುಳಿನ ಎಡಭಾಗದ ಬಹುಪಾಲನ್ನು ಮುಟ್ಟಬಲ್ಲದು. ಆದರೆ ಒತ್ತಡ ಹೆಚ್ಚಿರುವ ರೋಗಿಗೆ ಎನಿಮಾವನ್ನು ಒಳಗೆ ಹಿಡಿದಿಟ್ಟುಕೊಳ್ಳುವುದೇ ಕಷ್ಟ, ಆದ್ದರಿಂದ ಮಲಗುವ ಮುನ್ನ ಎಡಮಗ್ಗುಲಾಗಿ ಮಲಗಿ ಅದನ್ನು ತೆಗೆದುಕೊಳ್ಳಲಾಗುತ್ತದೆ. ಈ ಮಾರ್ಗದಲ್ಲಿ ಮೆಸಲಮೈನ್ ಎಂಬ ಸ್ಟೀರಾಯ್ಡ್ ಅಲ್ಲದ ಔಷಧಿಯೇ ಹೆಚ್ಚು ಫಲಕಾರಿ ಎಂದು ತುಲನಾತ್ಮಕ ಅಧ್ಯಯನಗಳು ತೋರಿಸಿವೆ. ಹೀಗಾಗಿ ಸ್ಟೀರಾಯ್ಡ್ ಎನಿಮಾಕ್ಕೆ ಎರಡನೆಯ ಸ್ಥಾನ.

ಸಪೊಸಿಟರಿಗಳು ಬಿಸಿಗೆ ಮೆತ್ತಗಾಗುತ್ತವೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಮೀರುವ ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಬಾಯಿಯ ಮೂಲಕ

ಮಧ್ಯಮ ತೀವ್ರತೆಯ ಕಾಯಿಲೆಗೆ ಪ್ರೆಡ್ನಿಸೋಲೋನ್ ಗುಳಿಗೆ ಹೆಚ್ಚು ಬಳಕೆಯಲ್ಲಿದೆ. 1962ರಲ್ಲಿ ಪ್ರಕಟವಾದ ಅಧ್ಯಯನವೊಂದು ದಿನಕ್ಕೆ 20, 40 ಮತ್ತು 60 ಮಿಲಿಗ್ರಾಂ ಪ್ರಮಾಣಗಳನ್ನು ಹೋಲಿಸಿತು. 20ಕ್ಕಿಂತ 40 ಮೇಲಾಗಿತ್ತು. 60ರಿಂದ ಹೆಚ್ಚಿನ ಲಾಭ ದೊರೆಯದೆ ಅಡ್ಡಪರಿಣಾಮಗಳಷ್ಟೇ ಹೆಚ್ಚಿದವು. ಇಂದಿನ 40 ಮಿಲಿಗ್ರಾಂನ ರೂಢಿಗೆ ಈ ಫಲಿತಾಂಶ ಒಂದು ಆಧಾರ. ಲಕ್ಷಣಗಳು ತಗ್ಗಿದ ಬಳಿಕ ಪ್ರಮಾಣವನ್ನು ವಾರಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸಲಾಗುತ್ತದೆ. ದೊಡ್ಡ ಕರುಳಿನಲ್ಲಿ ಮಾತ್ರ ಬಿಡುಗಡೆಯಾಗುವಂತೆ ಲೇಪಿಸಿದ ಬುಡೆಸೊನೈಡ್ ಗುಳಿಗೆಯನ್ನು (ದಿನಕ್ಕೆ 9 ಮಿಲಿಗ್ರಾಂ, ಎಂಟು ವಾರ) ಸೌಮ್ಯದಿಂದ ಮಧ್ಯಮ ಕಾಯಿಲೆಗೆ ನೀಡುವುದುಂಟು. ಯಕೃತ್ತು ಇದರ ಬಹುಭಾಗವನ್ನು ನಿಷ್ಕ್ರಿಯಗೊಳಿಸುವುದರಿಂದ ಅಡ್ಡಪರಿಣಾಮ ಕಡಿಮೆ.

ರಕ್ತನಾಳದ ಮೂಲಕ

ತೀವ್ರ ಕಾಯಿಲೆಯಲ್ಲಿ ಆಸ್ಪತ್ರೆಗೆ ದಾಖಲಾಗುವುದು ಅನಿವಾರ್ಯ. ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ದಿನಕ್ಕೆ ನಾಲ್ಕು ಬಾರಿ, ಅಥವಾ ಮೀಥೈಲ್‌ಪ್ರೆಡ್ನಿಸೋಲೋನ್ ದಿನಕ್ಕೆ 60 ಮಿಲಿಗ್ರಾಂ ಎಂಬುದು ಸಾಮಾನ್ಯ ಪ್ರಮಾಣ. ಡ್ರಿಪ್ ಮೂಲಕ ದಿನವಿಡೀ ಸತತವಾಗಿ ಹರಿಸುವುದು ಉತ್ತಮವೋ, ಇಂಜೆಕ್ಷನ್ ಆಗಿ ಒಮ್ಮೆಲೇ ಕೊಡುವುದು ಉತ್ತಮವೋ ಎಂಬ ಪ್ರಶ್ನೆಯನ್ನು 2007ರಲ್ಲಿ ಇಟಲಿಯ ಸಂಶೋಧಕರು ಪ್ರಕಟಿಸಿದ ಪ್ರಯೋಗವು ಪರಿಶೀಲಿಸಿತು. ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿ ಕೊಡುವ ರೀತಿಗಿಂತ ಕಾಯುವ ಅವಧಿ ಮುಖ್ಯ. ಮೂರನೆಯ ದಿನವೂ ದಿನಕ್ಕೆ ಎಂಟಕ್ಕಿಂತ ಹೆಚ್ಚು ಬಾರಿ ಭೇದಿಯಾಗುತ್ತಿದ್ದರೆ, ಅಥವಾ ಮೂರರಿಂದ ಎಂಟು ಬಾರಿಯಾಗಿದ್ದು ಸಿ-ರಿಯಾಕ್ಟಿವ್ ಪ್ರೋಟೀನ್ ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ, ಆ ಬಾರಿಯೇ ಕರುಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುವ ಸಂಭವ ಶೇ. 85ರಷ್ಟೆಂದು 1996ರ ಆಕ್ಸ್‌ಫರ್ಡ್ ಅಧ್ಯಯನ ತಿಳಿಸಿತು. ಆಗ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಸೈಕ್ಲೋಸ್ಪೋರಿನ್ ಪರಿಗಣಿಸಲಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಸ್ಟೀರಾಯ್ಡ್‌ನ ಮೇಲೆಯೇ ಭರವಸೆಯಿಟ್ಟು ದಿನ ದೂಡಿದರೆ ಕರುಳು ಉಬ್ಬಿ ತೂತಾಗುವ ಅಪಾಯವಿದೆ.

ಎಚ್ಚರಿಕೆಗಳು

ಭಾರತದಲ್ಲಿ ಆಮಶಂಕೆ ಮತ್ತು ಕರುಳಿನ ಕ್ಷಯ ಈ ಕಾಯಿಲೆಯನ್ನು ಹೋಲುವಂತೆ ಕಾಣಿಸಿಕೊಳ್ಳಬಹುದು. ಅವುಗಳಿಗೆ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಉಲ್ಬಣಿಸುತ್ತದೆ. ಆದ್ದರಿಂದ ಮಲಪರೀಕ್ಷೆ, ಕರುಳಿನ ಒಳದರ್ಶನ ಮತ್ತು ತುಣುಕು ಪರೀಕ್ಷೆ ಅಗತ್ಯ. ದೀರ್ಘಬಳಕೆಯಿಂದ ಮಧುಮೇಹ, ಮೂಳೆ ಸವೆತ, ಕಣ್ಣಿನ ಪೊರೆ, ಮುಖದ ಊತ ಉಂಟಾಗಬಹುದು. ಹಲವು ವಾರ ತೆಗೆದುಕೊಂಡ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಅಡ್ರಿನಲ್ ಗ್ರಂಥಿ ತನ್ನ ಹಾರ್ಮೋನನ್ನು ಸಾಕಷ್ಟು ಸ್ರವಿಸದೆ ರಕ್ತದೊತ್ತಡ ಕುಸಿಯಬಹುದು. ಕಾಯಿಲೆ ಮರುಕಳಿಸದಂತೆ ತಡೆಯುವ ಶಕ್ತಿ ಸ್ಟೀರಾಯ್ಡ್‌ಗಿಲ್ಲ. ಆ ಕೆಲಸಕ್ಕೆ ಮೆಸಲಮೈನ್, ಅಜಥಯೋಪ್ರಿನ್ ಮೊದಲಾದವುಗಳನ್ನು ಬಳಸಲಾಗುತ್ತದೆ.